ಹುಷಾರು ಎಂಬ ಮಾತು

ದಿನಕ್ಕೆ ಎಷ್ಟು ಸಲ ನಾವು ‘ಹುಷಾರು’ ಎನ್ನುತ್ತೇವೆ! ಶಾಲೆಗೆ ಹೊರಟ ಮಗುವಿಗೆ, ಬಸ್ಸು ಹತ್ತುವ ಅತ್ತೆಗೆ, ಈಳಿಗೆಮಣೆಯ ಮುಂದೆ ಕೂತ ಸೊಸೆಗೆ. ಟೀಚರಾದ ನಾನಂತೂ ಮೂವತ್ತು ವರ್ಷ ಅದನ್ನೇ ಹೇಳಿಕೊಂಡು ಬಂದವಳು. ಹೇಳಿಬಿಟ್ಟರೆ ಮನಸ್ಸಿಗೆ ಸಮಾಧಾನ. ಆ ಸಮಾಧಾನದ ಮೇಲೆಯೇ ನನಗೆ ಅನುಮಾನ ಹುಟ್ಟಿ ಬಹಳ ಕಾಲವಾಯಿತು.

2009ರ ಜನವರಿ. ಬಿಟ್ಟಂಗಾಲದ ನಮ್ಮ ಗದ್ದೆಯ ಭತ್ತ ಒಕ್ಕಲು ಬಾಡಿಗೆಗೆ ಟ್ರ್ಯಾಕ್ಟರೂ ಒಕ್ಕಣೆ ಯಂತ್ರವೂ ಬಂದಿದ್ದವು. ಟ್ರ್ಯಾಕ್ಟರಿನಿಂದ ಯಂತ್ರಕ್ಕೆ ಒಂದು ಕಬ್ಬಿಣದ ಶಾಫ್ಟು. ಅದರ ಮೇಲೆ ಇರಬೇಕಾದ ಪ್ಲಾಸ್ಟಿಕ್ ಕವಚ ಇರಲಿಲ್ಲ. ಒಡೆದಿತ್ತಂತೆ, ಬಿಚ್ಚಿಟ್ಟರಂತೆ. ಅದಿಲ್ಲದೆಯೂ ಯಂತ್ರ ಓಡುತ್ತದಲ್ಲ! (ಕೈಲ್ ಮುಹೂರ್ತಕ್ಕೆ ಕೋವಿ, ಕತ್ತಿಗಳ ಜೊತೆ ಟ್ರ್ಯಾಕ್ಟರಿಗೂ ಗಂಧ ಹಚ್ಚಿ ಹೂ ಇಡುವವರು ನಾವು. ಕವಚಕ್ಕೆ ಮಾತ್ರ ಪುರುಸೊತ್ತಿಲ್ಲ.) ಕಾಫಿ ಕೊಡಲು ಕಣಕ್ಕೆ ಇಳಿದ ನಾನೂ ಅದನ್ನು ನೋಡಿದೆ. ಹುಲ್ಲು ಎಳೆಯುತ್ತಿದ್ದ ಆಳು ಹೆಂಗಸಿಗೆ, ‘ಹತ್ತಿರ ಹೋಗಬೇಡ ಮಾರಾಯ್ತಿ, ಹುಷಾರು’ ಎಂದು ಹೇಳಿ, ಲೋಟಗಳನ್ನು ಎತ್ತಿಕೊಂಡು ಬಂದೆ.

ಅರ್ಧ ಗಂಟೆಯೂ ಆಗಿರಲಿಲ್ಲ. ಸೀರೆಯ ಮೇಲೆ ಅವಳು ತೊಟ್ಟಿದ್ದ ಗಂಡನ ಅಂಗಿಯ ತೋಳು ಶಾಫ್ಟಿಗೆ ಸುತ್ತಿಕೊಂಡಿತು. ಅಂಗಿ ಹಳೆಯದಾಗಿದ್ದರಿಂದ ಹರಿಯಿತು, ಅವಳು ಉಳಿದಳು. ಬಲಗೈ ಎರಡು ಕಡೆ ಮುರಿದಿತ್ತು. ಹೊಸ ಅಂಗಿಯಾಗಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಎಂದರೆ ಸೆಕೆಂಡಿಗೆ ಒಂಬತ್ತು. ನಾವು ‘ಅಯ್ಯೋ’ ಎನ್ನುವಷ್ಟರಲ್ಲಿ ಬಟ್ಟೆ ಒಂಬತ್ತು ಸಲ ಸುತ್ತಿಕೊಂಡಿರುತ್ತದೆ. ಮಕ್ಕಳಿಗೆ ಗಣಿತ ಹೇಳಿಕೊಡುವ ನಾನು ಈ ಲೆಕ್ಕ ಮಾಡಿದ್ದು ಎಲ್ಲ ಮುಗಿದ ಮೇಲೆ. ಈ ವೇಗಕ್ಕೆ ಯಾರ ಹುಷಾರು ತಾನೇ ಸಾಟಿ?

ಕಣದಲ್ಲಿ ನೆರೆದವರು, ‘ಟೀಚರು ಹೇಳಿದ್ದರು, ಅವಳು ಕೇಳಲಿಲ್ಲ’ ಎಂದರು. ಆ ಮಾತಿನಿಂದ ಒಂದು ಗಳಿಗೆ ನನಗೆ ನೆಮ್ಮದಿಯಾದದ್ದು ನಿಜ. ನಾಚಿಕೆಯಾಗುವುದು ಅದಕ್ಕೇ. ಒಂದೇ ಶಬ್ದದಿಂದ ಅಪಾಯವನ್ನು ಅವಳ ತಲೆಗೆ ಕಟ್ಟಿ ನಾನು ಅಡುಗೆಮನೆಗೆ ನಡೆದಿದ್ದೆ. ‘ಇದನ್ನು ಮುಚ್ಚಿಸಿ, ಆಮೇಲೆ ಕೆಲಸ ಮಾಡುತ್ತೇನೆ’ ಎಂದು ಅವಳು ಹೇಳಿದ್ದರೆ? ಬಾಯಿ ಜೋರು ಎಂದು ಮಾರನೆಯ ದಿನದಿಂದ ಕರೆಯುತ್ತಿರಲಿಲ್ಲ. ಅವಳು ಬೇಡ ಎನ್ನುವಂತಿಲ್ಲ, ನಾನು ನಿಲ್ಲಿಸಿ ಎನ್ನಬಹುದಿತ್ತು. ಆಸ್ಪತ್ರೆಯ ಖರ್ಚನ್ನೂ ಮೂರು ತಿಂಗಳ ಕೂಲಿಯನ್ನೂ ಕೊಟ್ಟೆವು. ದೊಡ್ಡ ಮನಸ್ಸು ಎಂದರು ಜನ.

ಹಣೆಬರಹ ಎಂದವರೂ ಇದ್ದರು. ಒಕ್ಕಣೆ ಯಂತ್ರದಂಥವುಗಳಿಗಾಗಿಯೇ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಮಾಡಿತು. ಗಾಯಗೊಂಡವರಿಗೆ ಪರಿಹಾರದ ಮಾತೂ ಅದರಲ್ಲಿತ್ತು. ಹಣೆಬರಹಕ್ಕೆ ಯಾರಾದರೂ ಕಾಯಿದೆ ಮಾಡುತ್ತಾರೆಯೇ? ಕರಿಮೆಣಸು ಕೊಯ್ಯುವಲ್ಲಿಯೂ ಇದೇ ಕಥೆ. ಹಿಂದೆ ಬಿದಿರಿನ ಏಣಿ ಇತ್ತು, ಆಮೇಲೆ ಹಗುರವೆಂದು ಅಲ್ಯೂಮಿನಿಯಂ ಏಣಿ ಬಂತು. ತೋಟದ ನಡುವೆ ಹಾದ ವಿದ್ಯುತ್ ತಂತಿಗೆ ಅದು ತಗುಲಿ ಜೀವ ಹೋದ ಸುದ್ದಿಯನ್ನು ಎಷ್ಟು ಸಲ ಓದಿಲ್ಲ! ಏಣಿ ಕೊಂಡವರು ಒಬ್ಬರು, ಹತ್ತಿದವರು ಇನ್ನೊಬ್ಬರು.

ಆಮೇಲೆ ಬಾಡಿಗೆ ಯಂತ್ರ ಬಂದಾಗಲೆಲ್ಲ ನಾನು ಮೊದಲು ಬಗ್ಗಿ ಶಾಫ್ಟು ನೋಡುತ್ತೇನೆ. ಒಂದು ವರ್ಷ ಕವಚವಿಲ್ಲವೆಂದು ವಾಪಸು ಕಳಿಸಿದೆ. ಭತ್ತ ನಾಲ್ಕು ದಿನ ಕಣದಲ್ಲೇ ಬಿದ್ದಿತ್ತು. ಮನೆಯವರು ಗೊಣಗಿದರು, ಗೊಣಗಲಿ.

ಕಳೆದ ಹುತ್ತರಿಗೆ ಅವಳು ಬಂದಿದ್ದಳು. ಅಂಗಳದಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಮೇಲೆ ನನ್ನ ಅಕ್ಕನ ಮೊಮ್ಮಗ ಹತ್ತಿ ಕೂತಿದ್ದ. ‘ಹುಷಾರು ಕಣೋ’ ಎಂದು ಜಗಲಿಯಿಂದಲೇ ಕೂಗಿದೆ, ಹಳೇ ಚಾಳಿ. ಅವಳು ಏನೂ ಹೇಳಲಿಲ್ಲ. ಹೋಗಿ ಅವನನ್ನು ಕೆಳಗಿಳಿಸಿ, ಕೀಲಿಕೈ ಕಿತ್ತು ತಂದು ನನಗೆ ಕೊಟ್ಟಳು. ಎಡಗೈಯಲ್ಲಿ.