ಅಂಗೈಗಣಕದ ಆಯ್ಕೆ: ಎಷ್ಟು ಸೌಕರ್ಯ, ಎಷ್ಟು ಕೈ?

ಅಂಗಡಿಯಲ್ಲಿ ಒಂದು ವಸ್ತುವನ್ನು ಕೊಳ್ಳಲು ನಿಂತವನು ಸಾಮಾನ್ಯವಾಗಿ ಎರಡೇ ಪ್ರಶ್ನೆಗಳನ್ನು ಕೇಳುತ್ತಾನೆ: ಇದರಲ್ಲಿ ಏನೇನಿದೆ? ಇದರ ಬೆಲೆ ಎಷ್ಟು? ಪಾತ್ರೆ ಪಡಗಗಳ ಮಟ್ಟಿಗೆ ಇಷ್ಟು ವಿಚಾರಣೆ ಸಾಕು. ಅಂಗೈಯಲ್ಲಿ ಹಿಡಿಯುವ ಗಣಕಯಂತ್ರದ ಮಟ್ಟಿಗೆ ಸಾಲದು. ಅದನ್ನು ರೂಪಿಸಿದವನು ಯಾವ ಸೌಕರ್ಯವನ್ನು ಸೇರಿಸಿದ, ಯಾವುದನ್ನು ಕೈಬಿಟ್ಟ ಎಂಬುದರೊಳಗೆ, ಅದು ಯಾರ ಕೈಗೆ ಸಲ್ಲತಕ್ಕದ್ದು ಎಂಬ ತೀರ್ಮಾನವೂ ಅಡಗಿರುತ್ತದೆ. ಕೊಳ್ಳುವವನು ಆ ತೀರ್ಮಾನವನ್ನು ತಿಳಿದೋ ತಿಳಿಯದೆಯೋ ತನ್ನದಾಗಿಸಿಕೊಳ್ಳುತ್ತಾನೆ.

ಇದಕ್ಕೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ರಾಜಾಜಿನಗರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು, ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರೊಡನೆ ಸೇರಿ 1999ರಲ್ಲಿ ಒಂದು ಟ್ರಸ್ಟನ್ನು ರಚಿಸಿಕೊಂಡರು. 2001ರಲ್ಲಿ ಅವರು ಜನರ ಮುಂದಿಟ್ಟ ಯಂತ್ರವೇ ಸಿಂಪ್ಯೂಟರ್. ಬೆಲೆಯನ್ನು 9,000 ರೂಪಾಯಿಗಳ ಆಸುಪಾಸಿನಲ್ಲಿ ಇಡಬೇಕೆಂಬುದು ಅವರ ಉದ್ದೇಶವಾಗಿತ್ತು. ಓದು ಬರಹ ಬಾರದವನೂ ಬಳಸುವಂತಿರಬೇಕೆಂದು ಕೀಲಿಮಣೆಯನ್ನು ಬಿಟ್ಟು ಪರದೆಯನ್ನೇ ಕಡ್ಡಿಯಿಂದ ಮುಟ್ಟುವ ಕ್ರಮವನ್ನು ಇಟ್ಟರು. ಬರಹವನ್ನು ಭಾರತೀಯ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಏರ್ಪಾಡನ್ನು ಮಾಡಿದರು.

ಇವೆಲ್ಲಕ್ಕಿಂತ ಹೆಚ್ಚು ವಿಚಾರಾರ್ಹವಾದುದು ಅದರಲ್ಲಿದ್ದ ಸ್ಮಾರ್ಟ್ ಕಾರ್ಡಿನ ಸೀಳು. 9,000 ರೂಪಾಯಿ ಕೂಡ ಬಡ ರೈತನಿಗೆ ಭಾರವೇ ಎಂಬುದು ರೂಪಿಸಿದವರಿಗೆ ತಿಳಿದಿತ್ತು. ಆದುದರಿಂದ ಊರಿಗೊಂದು ಯಂತ್ರ, ಪ್ರತಿಯೊಬ್ಬನ ಕೈಯಲ್ಲಿ ಒಂದು ಚಿಕ್ಕ ಕಾರ್ಡು ಎಂಬ ಕಲ್ಪನೆ ಹುಟ್ಟಿತು. ತನ್ನ ಕಾರ್ಡನ್ನು ಸೇರಿಸಿದಾಗ ಅವನ ವಿವರಗಳು ತೆರೆಯುತ್ತವೆ. ತೆಗೆದುಕೊಂಡು ಹೊರಟಾಗ ಅವು ಅವನೊಡನೆ ಹೋಗುತ್ತವೆ. ಯಂತ್ರ ಎಲ್ಲರದು, ಗುಟ್ಟು ಅವರವರದು. ಒಡೆತನವಿಲ್ಲದೆ ಉಪಯೋಗ ಸಾಧ್ಯವೆಂಬುದನ್ನು ಒಂದು ಸಣ್ಣ ಸೀಳಿನ ಮೂಲಕ ತೋರಿಸಿದ ಈ ಯೋಜನೆಗೆ ಸಿಗಬೇಕಾದಷ್ಟು ಗೌರವ ಸಿಗಲಿಲ್ಲ.

ಶ್ರಾವಕನ ಭೋಗೋಪಭೋಗ ಪರಿಮಾಣದಲ್ಲಿ ಬಳಸುವ ವಸ್ತುಗಳಿಗೆ ಮಿತಿ ಹಾಕಿಕೊಳ್ಳುವ ಪದ್ಧತಿಯುಂಟು. ಇಷ್ಟು ಬಟ್ಟೆ, ಇಷ್ಟು ವಾಹನ ಎಂದು ಲೆಕ್ಕ ಹಿಡಿಯಬಹುದು. ಆದರೆ ಗಡಿಯಾರ, ಕ್ಯಾಮೆರಾ, ರೇಡಿಯೋ, ಪತ್ರಪೆಟ್ಟಿಗೆ, ಲೆಕ್ಕದ ಪುಸ್ತಕ ಎಲ್ಲವೂ ಒಂದೇ ಫೋನಿನೊಳಗೆ ಸೇರಿರುವಾಗ ಅದನ್ನು ಒಂದೆಂದು ಎಣಿಸಬೇಕೇ, ಹತ್ತೆಂದು ಎಣಿಸಬೇಕೇ? ಒಂದು ಎಂದರೆ ವ್ರತ ಬಹಳ ಸುಲಭವಾಯಿತು. ಹತ್ತು ಎಂದರೆ ಒಂಬತ್ತು ವಸ್ತುಗಳನ್ನು ಮನೆಯಿಂದ ಕಳಿಸಿದ ಯಂತ್ರಕ್ಕೆ ಅನ್ಯಾಯವಾಯಿತು. ಎಣಿಕೆ ಇಲ್ಲಿ ಕೈಕೊಡುತ್ತದೆ. ಆಗ ಉಳಿಯುವ ಅಳತೆ ಬೇರೆ: ಈ ಒಂದು ವಸ್ತು ಎಷ್ಟು ಜನರ ಕೈಗೆ ಒದಗುತ್ತದೆ?

ಈ ಅಳತೆಯಿಂದ ನೋಡಿದರೆ ಪಶ್ಚಿಮದ ಪ್ರಸಿದ್ಧ ಯಂತ್ರದ ಕಥೆಯೂ ಬೇರೆಯಾಗಿ ಕಾಣುತ್ತದೆ. 1996ರಲ್ಲಿ ಅಮೆರಿಕದಲ್ಲಿ ಬಂದ ಪಾಮ್ ಪೈಲಟ್ ಅನ್ನು ರೂಪಿಸಿದ ಜೆಫ್ ಹಾಕಿನ್ಸ್, ಅದು ತಯಾರಾಗುವ ಮೊದಲು ಅದೇ ಅಳತೆಯ ಮರದ ತುಂಡೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಾಡುತ್ತಿದ್ದರು. ಯಾರಾದರೂ ಭೇಟಿಯ ಸಮಯ ಕೇಳಿದರೆ ಮರದ ತುಂಡನ್ನು ತೆಗೆದು ಬರೆದುಕೊಳ್ಳುವಂತೆ ನಟಿಸುತ್ತಿದ್ದರು. ಯಾವುದು ನಿಜವಾಗಿ ಬೇಕಾಗುತ್ತದೆ ಎಂಬುದನ್ನು ಹೀಗೆ ಕಂಡುಕೊಂಡು, ದಿನಚರಿ, ವಿಳಾಸ, ಕೆಲಸದ ಪಟ್ಟಿ, ಟಿಪ್ಪಣಿಗಳಿಗೆ ಯಂತ್ರವನ್ನು ಮೀಸಲಿಟ್ಟರು. ಬೇಡವಾದುದನ್ನು ಬಿಡುವ ಈ ಸಂಯಮ ಮೆಚ್ಚತಕ್ಕದ್ದು. ಆದರೂ ಅದು ಮೇಜಿನ ಮೇಲೆ ಮೊದಲೇ ಗಣಕಯಂತ್ರವುಳ್ಳ ಒಬ್ಬನ ಜೇಬಿಗಾಗಿ ಮಾಡಿದ ವಸ್ತು. ಸೌಕರ್ಯ ಮಿತವಾಗಿತ್ತು, ಕೈ ಒಂದೇ ಆಗಿತ್ತು.

ಸಿಂಪ್ಯೂಟರಿನ ತೊಡಕು ಇದಕ್ಕೆ ವಿರುದ್ಧವಾದುದು. ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ 2004ರಲ್ಲಿ ಅಮಿಡಾ ಎಂಬ ಹೆಸರಿನಿಂದ ಅದು ಮಾರುಕಟ್ಟೆಗೆ ಬಂದಾಗ, ಅಲುಗಿಸಿದರೆ ಪುಟ ತಿರುಗುವ ಚಮತ್ಕಾರದವರೆಗೆ ಹಲವು ಸೌಕರ್ಯಗಳು ಸೇರಿಕೊಂಡಿದ್ದವು. ಬಣ್ಣದ ಪರದೆಯ ಮಾದರಿಗೆ ಬೆಲೆಯೂ ಏರಿತ್ತು. 50,000 ಮಾರಾಟವಾಗಬೇಕೆಂಬ ಎಣಿಕೆಯಿದ್ದುದು 2005ರ ವೇಳೆಗೆ ಸುಮಾರು 4,000ಕ್ಕೆ ನಿಂತಿತು. ಊರಿಗೊಂದರಂತೆ ಹಂಚಬೇಕಾದ ಯಂತ್ರವನ್ನು ಅಂಗಡಿಯಲ್ಲಿ ಒಬ್ಬೊಬ್ಬನಿಗೆ ಮಾರಲು ಹೊರಟಾಗ, ಅದರ ಮುಖ್ಯ ಗುಣವೇ ಅಪ್ರಯೋಜಕವಾಯಿತು. ಒಬ್ಬನೇ ಬಳಸುವವನಿಗೆ ಕಾರ್ಡಿನ ಸೀಳು ಏತಕ್ಕೆ? ಅಷ್ಟರಲ್ಲಿ, 2003ರಲ್ಲಿ ಬಂದ ನೋಕಿಯಾ 1100 ಎಂಬ ಸರಳ ಫೋನು, ಧೂಳು ಹೊಗದ ಗುಂಡಿಗಳು ಮತ್ತು ಒಂದು ಸಣ್ಣ ಟಾರ್ಚಿನೊಡನೆ, ಜಗತ್ತಿನಾದ್ಯಂತ 20 ಕೋಟಿಗೂ ಹೆಚ್ಚು ಕೈಗಳನ್ನು ಸೇರಿತು. ಕರೆಂಟು ಹೋಗುವ ಊರಿನಲ್ಲಿ ಟಾರ್ಚಿನ ಬೆಲೆ ಏನೆಂದು ಬಲ್ಲವರು ಅದನ್ನು ರೂಪಿಸಿದ್ದರು. ಅದೇ ಕಂಪನಿ 2007ರಲ್ಲಿ ತಂದ ನೋಕಿಯಾ 1200ರಲ್ಲಿ ಒಂದೇ ಫೋನನ್ನು ಹಂಚಿಕೊಳ್ಳುವವರಿಗಾಗಿ ಬೇರೆ ಬೇರೆ ವಿಳಾಸಪಟ್ಟಿಗಳನ್ನೂ, ಮಾತಿನ ಹೊತ್ತಿಗೆ ಮಿತಿ ಹಾಕುವ ಏರ್ಪಾಡನ್ನೂ ಇಟ್ಟಿತು. ಬೆಂಗಳೂರಿನಲ್ಲಿ ಹುಟ್ಟಿದ ಕಲ್ಪನೆಯ ನೆಂಟಸ್ತಿಕೆ ಅದರಲ್ಲಿ ಕಾಣದಿರದು.

ಇಂದಿನ ಫೋನುಗಳಲ್ಲಿ ಹೆಚ್ಚಿನವು ಒಬ್ಬನೇ ಒಡೆಯನೆಂದು ನಂಬಿಕೊಂಡು ಬರುತ್ತವೆ. ಆ ನಂಬಿಕೆಯ ಬೆಲೆ 2020ರಲ್ಲಿ ಶಾಲೆಗಳು ಮುಚ್ಚಿದಾಗ ತಿಳಿಯಿತು. ಮನೆಯಲ್ಲಿ ಒಂದೇ ಫೋನು, ಪಾಠ ಕೇಳಬೇಕಾದ ಮಕ್ಕಳು ಇಬ್ಬರು. ಫೋನು ತಂದೆಯೊಡನೆ ಕೆಲಸಕ್ಕೆ ಹೋದರೆ ಇಬ್ಬರಿಗೂ ಪಾಠವಿಲ್ಲ. ವಿಜಯನಗರದ ಮಧ್ಯಮ ವರ್ಗದ ಮನೆಯಲ್ಲಿ ಇದು ಕಿರಿಕಿರಿ, ಕೆಂಗೇರಿಯ ಆಚೆ ಕೂಲಿಯವನ ಮನೆಯಲ್ಲಿ ಒಂದು ವರ್ಷದ ವಿದ್ಯೆ. ಒಳ್ಳೆಯ ಕ್ಯಾಮೆರಾಕ್ಕೆ ಐದು ಸಾವಿರ ಹೆಚ್ಚು ಕೊಡುವ ಗೃಹಸ್ಥನು, ಅದೇ ಹಣದಲ್ಲಿ ಮನೆಗೆಲಸದವಳ ಮಗಳ ಕೈಗೆ ಎರಡನೆಯ ಒಂದು ಸಾಧಾರಣ ಯಂತ್ರ ಹೋಗಬಹುದಿತ್ತೇ ಎಂದು ತೂಗಿ ನೋಡುವುದು ಅಪರೂಪ. ತೂಗಿದರೆ ಕ್ಯಾಮೆರಾ ತಪ್ಪೆಂದು ಆಗುವುದಿಲ್ಲ. ತಕ್ಕಡಿಗೆ ಇನ್ನೊಂದು ತಟ್ಟೆ ಬರುತ್ತದೆ.

ದೇವಸ್ಥಾನಗಳ ಟ್ರಸ್ಟುಗಳಿಗೂ ಈ ವಿಚಾರ ಹೊರಗಿನದಲ್ಲ. ಪರ್ವದ ದಿನಗಳಲ್ಲಿ ರಸೀದಿ ಕೊಡಲು ಕೈಯಂತ್ರವನ್ನು ಕೊಳ್ಳುವಾಗ ಮುದ್ರಣದ ವೇಗ, ಪರದೆಯ ಅಳತೆ ಇವನ್ನೇ ವಿಚಾರಿಸುತ್ತಾರೆ. ನಾಲ್ವರು ಸ್ವಯಂಸೇವಕರು ಒಂದೇ ಗುಪ್ತಸಂಖ್ಯೆಯಿಂದ ಅದನ್ನು ಬಳಸಿದ ದಿನ, ಸಂಜೆಯ ಲೆಕ್ಕದಲ್ಲಿ 500 ರೂಪಾಯಿ ಕಡಿಮೆ ಬಂದರೆ, ನಾಲ್ವರ ಮೇಲೂ ನೆರಳು ಬೀಳುತ್ತದೆ. ಮೂವರು ಅದಕ್ಕೆ ಅರ್ಹರಲ್ಲ. ಬಹುಶಃ ನಾಲ್ಕನೆಯವನೂ ಅಲ್ಲ, ಚಿಲ್ಲರೆ ಕೊಡುವಾಗ ಕಣ್ಣು ತಪ್ಪಿರಬಹುದು. ಪ್ರತಿಯೊಬ್ಬನಿಗೂ ಬೇರೆ ಪ್ರವೇಶವನ್ನು ಕೊಡುವ ಯಂತ್ರದಲ್ಲಿ, ಯಾವ ರಸೀದಿ ಯಾರ ಕೈಯಿಂದ ಹೋಯಿತೆಂದು ಅರ್ಧ ಗಂಟೆಯಲ್ಲಿ ನೋಡಬಹುದು. ಅಂಗಡಿಯವನು ತೋರಿಸುವ ಸೌಕರ್ಯಗಳ ಪಟ್ಟಿಯಲ್ಲಿ ಇದು ಬಹಳ ಕೆಳಗೆ ಇರುತ್ತದೆ, ಕೆಲವೊಮ್ಮೆ ಕೇಳಿದರೆ ಮಾತ್ರ ಹೇಳುತ್ತಾನೆ.