ಮುಖ ಕಂಡರೆ ಸಾಕೆ?

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಅಡಿಕೆ ತೋಟಗಳ ಸೀಮೆ. ಇಂಥ ಸೀಮೆಯ ಉಳ್ಳವರ ಮನೆಗಳಲ್ಲಿ, ತೋಟ ಮಾಡಿದ ಹಿರಿಯರ ಫೋಟೊ ಹಾರ ಹಾಕಿಸಿಕೊಂಡು ಪಡಸಾಲೆಯ ಗೋಡೆಯ ಮೇಲಿರುವುದು ಸಹಜ. ಅದೇ ತೋಟದ ಗೊನೆ ಇಳಿಸಿದವನ, ಬೆರಳು ಕಪ್ಪಾಗುವಂತೆ ಅಡಿಕೆ ಸುಲಿದವಳ ಚಿತ್ರ ಯಾವ ಗೋಡೆಯ ಮೇಲಿದೆ? ಲೆಕ್ಕದ ಪುಸ್ತಕದಲ್ಲೂ ಅವರು ಹಲವು ಸಲ ‘ಆಳು 4, ಹೆಣ್ಣಾಳು 6’ ಅಷ್ಟೆ.

ನಮ್ಮ ನಾಡು ಸಾಮಾನ್ಯರನ್ನು ನೆನೆಯಲೇ ಇಲ್ಲವೆಂದಲ್ಲ. ಊರಿನ ದನ ಬಿಡಿಸಲು ಹೋಗಿ ಮಡಿದವರಿಗೆ ಇಲ್ಲಿ ವೀರಗಲ್ಲುಗಳಿವೆ. ಮಂಡ್ಯ ಜಿಲ್ಲೆಯ ಆತಕೂರಿನ, ಸುಮಾರು ಕ್ರಿ.ಶ. 950ರ ಶಾಸನ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನೂ ಉಳಿಸಿದೆ. ಕಾದಾಡಿ ಸತ್ತರೆ ಕಲ್ಲು ನಿಲ್ಲುತ್ತದೆ. ದುಡಿದು ಸತ್ತರೆ?

ಯುರೋಪಿನಲ್ಲೂ ತೈಲವರ್ಣದ ಭಾವಚಿತ್ರ ಬಹುಕಾಲ ಹೆಚ್ಚಾಗಿ ಅರಸರ, ಸಿರಿವಂತರ ಸೊತ್ತಾಗಿತ್ತು. ರಷ್ಯಾದ ಆಳ್ವಿಕೆಯಲ್ಲಿದ್ದ ಪೋಲೆಂಡಿನಲ್ಲಿ ರೈತರು ಜೀತದ ಕಟ್ಟಿನಿಂದ ಬಿಡುಗಡೆಯಾದದ್ದು 1864ರಲ್ಲಿ. ಮೂವತ್ತು ವರ್ಷಗಳ ಬಳಿಕ, 1894-95ರಲ್ಲಿ, ಅಲೆಕ್ಸಾಂಡರ್ ಗಿಯೆರಿಮ್ಸ್ಕಿ ಎಂಬ ಪೋಲಿಷ್ ಕಲಾವಿದ ‘ರೈತನ ಶವಪೆಟ್ಟಿಗೆ’ ಚಿತ್ರ ಬರೆದ. ಗುಡಿಸಲ ಮುಂದೆ ಕುಳಿತ ಬಡ ದಂಪತಿ. ಗೋಡೆಗೆ ಒರಗಿಸಿದ ಪುಟ್ಟ ಪೆಟ್ಟಿಗೆಯ ಮುಚ್ಚಳ. ಅರಸನ ದುಃಖಕ್ಕೆ ಸಲ್ಲುವ ಘನತೆಯನ್ನು ಆತ ಅವರ ದುಃಖಕ್ಕೂ ಸಲ್ಲಿಸಿದ. ಆದರೂ ಆ ದಂಪತಿಯ ಹೆಸರು ಚಿತ್ರದ ಶೀರ್ಷಿಕೆಗೆ ಬರಲಿಲ್ಲ.

ಹಾಗಾದರೆ ಮುಖ, ಹೆಸರು ಎರಡೂ ದಾಖಲಾದರೆ ನ್ಯಾಯ ಸಂದಂತಾಯಿತೇ? 2005ರ ಉದ್ಯೋಗ ಖಾತ್ರಿ ಕಾಯ್ದೆ ಹಳ್ಳಿಯ ಕೂಲಿಕಾರರಿಗೆ ಹೆಸರು, ಭಾವಚಿತ್ರವಿದ್ದ ಚೀಟಿ ಕೊಟ್ಟಿತು. ಅದು ಹಕ್ಕಿನ ಗುರುತಾಗಿತ್ತು. 2023ರ ಜನವರಿಯಿಂದ ಅದೇ ಯೋಜನೆಯಲ್ಲಿ ಕೂಲಿಕಾರರ ಫೋಟೊವನ್ನು ದಿನಕ್ಕೆ ಎರಡು ಸಲ ತೆಗೆದು ಮೊಬೈಲ್ ಆ್ಯಪ್‌ಗೆ ಏರಿಸುವುದು ಕಡ್ಡಾಯವಾಯಿತು. ಸುಳ್ಳು ಹಾಜರಿ ತಡೆಯುವ ಉದ್ದೇಶ ತಪ್ಪಲ್ಲ. ಆದರೆ ನೆಟ್‌ವರ್ಕ್ ಸಿಗದೆ ಫೋಟೊ ಏರದಿದ್ದರೆ, ದಿನವಿಡೀ ಮಣ್ಣು ಹೊತ್ತವಳ ಕೂಲಿಗೇ ಸಂಚಕಾರ ಬರುತ್ತಿತ್ತು. ಅವಳ ಬೆವರಿಗಿಂತ ಪರದೆಯ ಮೇಲಿನ ಮುಖ ದೊಡ್ಡ ಸಾಕ್ಷಿಯಾಯಿತು.

ದುಡಿಯುವವರನ್ನು ನೋಡುವುದರಲ್ಲಿ ಎರಡು ಬಗೆಗಳಿವೆ. ‘ಇವನು ಮೋಸ ಮಾಡುತ್ತಿಲ್ಲವಷ್ಟೆ?’ ಎಂದು ಕೇಳುವ ನೋಟ ಒಂದು. ಅದರ ಮುಂದೆ ದುಡಿಯುವವನು ಆರೋಪಿ. ‘ಇವನಿಗೆ ನಾನೇನು ಕೊಡಬೇಕಾಗಿದೆ?’ ಎಂದು ಕೇಳುವ ನೋಟ ಇನ್ನೊಂದು. ಅಲ್ಲಿ ನೋಡುವವನೇ ಸಾಲಗಾರ. ಗಿಯೆರಿಮ್ಸ್ಕಿಯ ಚಿತ್ರದ ಮುಂದೆ ನಿಂತವರಿಗೆ ಈ ಎರಡನೆಯ ಪ್ರಶ್ನೆ ಎದುರಾಗುತ್ತದೆ.

ಹೀಗೆ ನೋಡಲು ಕುಂಚ ಬೇಕಿಲ್ಲ. ಅಡಿಕೆಯ ಧಾರಣೆ ಏರಿದ ವರ್ಷ ಕೂಲಿಯೂ ಏರಿತೇ, ಮರದಿಂದ ಬಿದ್ದವನ ಆಸ್ಪತ್ರೆಯ ಖರ್ಚು ಯಾರ ತಲೆಗೆ ಬಂತು ಎಂದು ತೋಟದ ಒಡೆಯರು ತಮ್ಮನ್ನೇ ಕೇಳಿಕೊಳ್ಳಲಿ. ಅದಕ್ಕೂ ಮೊದಲು, ‘ಆಳು 4’ ಎಂದಿರುವ ಕಡೆ ನಾಲ್ಕು ಹೆಸರು ಬರೆಯಲಿ.