ತೋರಿಸುವ ಗೆರೆ, ಬರೆಯುವ ಗೆರೆ

ಪಿಟೀಲಿನ ಬೆನ್ನನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಒಳ್ಳೆಯ ವಾದ್ಯದಲ್ಲಿ ಹುಲಿಪಟ್ಟೆಯಂಥ ಅಡ್ಡಗೆರೆಗಳಿರುತ್ತವೆ. ಸ್ವಲ್ಪ ತಿರುಗಿಸಿದರೆ ಬೆಳಗಿದ್ದ ಗೆರೆ ಮಂಕಾಗುತ್ತದೆ, ಮಂಕಾಗಿದ್ದುದು ಬೆಳಗುತ್ತದೆ. ಅದು ತಂಪು ನಾಡುಗಳ ಮೇಪಲ್ ಮರ. 1737ರಲ್ಲಿ ತೀರಿಕೊಂಡ ಇಟಲಿಯ ಸ್ಟ್ರಾಡಿವರಿ ತನ್ನ ಪಿಟೀಲುಗಳ ಬೆನ್ನಿಗೆ ಬಳಸಿದ್ದೂ ಇದನ್ನೇ.

ಆ ಗೆರೆ ಬಣ್ಣವಲ್ಲ. ಮರದ ನಾರು ನೆಟ್ಟಗೆ ಬೆಳೆಯದೆ ಅಲೆಯಲೆಯಾಗಿ ಬೆಳೆದ ಗುರುತು. ಒಂದು ಅಲೆ ಬೆಳಕನ್ನು ಈ ಕಡೆಗೆ, ಇನ್ನೊಂದು ಆ ಕಡೆಗೆ ಹೊರಳಿಸುತ್ತದೆ. ಬರಿಯ ಹಲಗೆಯಲ್ಲಿ ಅದು ಅಷ್ಟಾಗಿ ಕಾಣದು. ಅಗಸೆ ಎಣ್ಣೆ ಸವರಿದರೆ ಗೆರೆ ಎದ್ದು ಬರುತ್ತದೆ, ಮರ ಮಾತ್ರ ತುಸು ಹಳದಿಯಾಗುತ್ತದೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ತೆಳ್ಳಗೆ ಹಚ್ಚಿದರೆ ಮೇಲೆ ಹೊಳಪು, ಒಳಗೆ ಗೆರೆ, ಎರಡೂ ಕಾಣುತ್ತವೆ. ದಪ್ಪ ಬಣ್ಣ ಬಳಿದರೆ ಎಲ್ಲವೂ ಮುಚ್ಚಿಹೋಗುತ್ತದೆ.

ನಮ್ಮ ಚನ್ನಪಟ್ಟಣದ ಗೊಂಬೆಗಳಿಗೂ ಅರಗೇ. ಅಲ್ಲಿ ಬಣ್ಣದ ಅರಗು ಮರವನ್ನು ಮುಚ್ಚುತ್ತದೆ. ಆದರೂ ಅದು ಮೋಸವಲ್ಲ. ಗೊಂಬೆ ತಾನು ಬಣ್ಣದ್ದೆಂದು ಹೇಳಿಕೊಂಡೇ ನಿಂತಿರುತ್ತದೆ. ಅಗ್ಗದ ಕೆಲವು ಪಿಟೀಲುಗಳಲ್ಲಾದರೋ ಸಾದಾ ಮರದ ಮೇಲೆ ಹುಲಿಗೆರೆ ಬರೆದು ವಾರ್ನಿಶ್ ಹಾಕುವುದುಂಟು. ತಿರುಗಿಸಿ ನೋಡಿ, ಬರೆದ ಗೆರೆ ಕದಲುವುದಿಲ್ಲ.

ಹಾಗಾದರೆ ಇರುವ ಗೆರೆಗೇ ತುಸು ಬಣ್ಣ ಕುಡಿಸಿದರೆ? ಅದು ತಪ್ಪಲ್ಲವೆಂದೇ ನನ್ನ ಎಣಿಕೆ. ಇಲ್ಲದ್ದನ್ನು ಅದು ಹೇಳುವುದಿಲ್ಲ.

ಹೆಣ್ಣುಮಕ್ಕಳನ್ನು ತಿದ್ದಿ ತೀಡುವಾಗಲೂ ಈ ಪ್ರಶ್ನೆ ಏಳುತ್ತದೆ. ಕೊರಳಿದ್ದವಳಿಗೆ ಸಂಗೀತ ಕಲಿಸುವುದು ಎಣ್ಣೆ ಸವರಿದಂತೆ. ಹಾಡು ಒಲಿಯದವಳಿಗೆ, ಗಂಡಿನ ಕಡೆಯವರು ಕೇಳುತ್ತಾರೆಂದು ಎರಡು ದೇವರನಾಮ ಬಾಯಿಪಾಠ ಮಾಡಿಸಿ ಕೂರಿಸುವುದು ಗೆರೆ ಬರೆದಂತೆ. ಆ ಹುಡುಗಿಗೆ ಲೆಕ್ಕ ಚೆನ್ನಾಗಿ ಬರುತ್ತಿರಬಹುದು. ಅದನ್ನು ಬೆಳಕಿಗೆ ಹಿಡಿದು ನೋಡಿದವರು ಯಾರು?